ಹಳೇ ವಾಕಿಟಾಕಿ ಮಾರಾಟ: ಸೆಟ್ ಕೈ ಬದಲಾಗುತ್ತದೆ, ಕಾಗದ ಜೊತೆಗೆ ಬರುವುದಿಲ್ಲ

ಕೊಡಗಿನಲ್ಲಿ ಕಾಫಿ ಕುಯ್ಲು ಭರದಿಂದ ಸಾಗಿದ್ದ 2026ರ ಜನವರಿಯಲ್ಲಿ ಒಂದು ಸುದ್ದಿ ಬಂತು. ಪರವಾನಗಿ ಬೇಕಾದ ವಾಕಿಟಾಕಿಗಳನ್ನು ಅದರ ಸುಳಿವೇ ಕೊಡದೆ ಮಾರಾಟಕ್ಕಿಟ್ಟ ಎಂಟು ಸಂಸ್ಥೆಗಳಿಗೆ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಒಟ್ಟು 44 ಲಕ್ಷ ರೂಪಾಯಿ ದಂಡ ಹಾಕಿತ್ತು. ಅದರಲ್ಲಿ ನಾಲ್ಕು ದೊಡ್ಡ ವೇದಿಕೆಗಳ ಪಾಲು ತಲಾ 10 ಲಕ್ಷ.

ದಂಡ ಕಟ್ಟುವವರು ಕಂಪನಿಗಳು. ಆದರೆ ತಲೆಬಿಸಿ ಆದದ್ದು ಅವರಿಗಷ್ಟೇ ಅಲ್ಲ. ತೋಟದ ಆಫೀಸಿನ ಡ್ರಾಯರಿನಲ್ಲಿ ಬಿದ್ದಿರುವ ಎರಡು ಹಳೇ ಸೆಟ್‌ಗಳನ್ನು ಆನ್‌ಲೈನಿನಲ್ಲಿ ಹರಾಜಿಗೆ ಹಾಕಬಹುದೇ? ಸೆಕೆಂಡ್ ಹ್ಯಾಂಡ್ ಸೆಟ್ ಕೊಂಡವರ ಮೇಲೂ ಕೇಸಾಗುತ್ತದೆಯೇ? ಹವ್ಯಾಸಕ್ಕೆ ಇಟ್ಟುಕೊಂಡ ಹ್ಯಾಮ್ ರೇಡಿಯೊ, ಅಜ್ಜನ ಕಾಲದ ಮರ್ಫಿ ರೇಡಿಯೊ, ಮಕ್ಕಳ ಆಟಿಕೆ ವಾಕಿಟಾಕಿ, ಇವೆಲ್ಲ ಒಂದೇ ಗುಂಪಿಗೆ ಸೇರುತ್ತವೆಯೇ?

ಗೊಂದಲಕ್ಕೆ ಕಾರಣವಿದೆ. ಇದು ಒಂದೇ ಸುದ್ದಿಯಂತೆ ಕಂಡರೂ ಒಳಗೆ ಎರಡು ಬೇರೆ ಕಾನೂನುಗಳಿವೆ. ಒಂದು ಅಂಗಡಿಯವನನ್ನು ಹಿಡಿಯುತ್ತದೆ, ಇನ್ನೊಂದು ಸೆಟ್ ಯಾರ ಕೈಯಲ್ಲಿದೆಯೋ ಅವರನ್ನು. ಸುದ್ದಿಯಲ್ಲಿ ಬಂದದ್ದು ಮೊದಲನೆಯದು ಮಾತ್ರ.

ದಂಡ ಬಿದ್ದದ್ದು ಯಾತಕ್ಕೆ

ಇದರ ಶುರು 2025ರ ಮೇ ತಿಂಗಳಲ್ಲಿ. ಪಹಲ್ಗಾಮ್ ದಾಳಿಯ ನಂತರದ ದಿನಗಳವು, ರೇಡಿಯೊ ಉಪಕರಣಗಳ ಮೇಲೆ ಸರ್ಕಾರದ ಕಣ್ಣು ಬಿದ್ದಿತ್ತು. ಪ್ರಾಧಿಕಾರವು 13 ವೇದಿಕೆಗಳಿಗೆ ನೋಟಿಸ್ ಕೊಟ್ಟಿತು. ಗ್ರಾಹಕ ವ್ಯವಹಾರ ಸಚಿವ ಪ್ರಲ್ಹಾದ ಜೋಶಿ ಅದನ್ನು ಪ್ರಕಟಿಸಿದರು. ತಿಂಗಳ ಕೊನೆಯ ಹೊತ್ತಿಗೆ ವಾಕಿಟಾಕಿ ಮತ್ತಿತರ ರೇಡಿಯೊ ಉಪಕರಣಗಳ ಆನ್‌ಲೈನ್ ಮಾರಾಟಕ್ಕೆ ಪ್ರತ್ಯೇಕ ಮಾರ್ಗಸೂಚಿಯೇ ಬಂತು.

ಆಕ್ಷೇಪ ಸರಳವಾಗಿತ್ತು. ಸೆಟ್ ಯಾವ ಫ್ರೀಕ್ವೆನ್ಸಿಯಲ್ಲಿ ಕೆಲಸ ಮಾಡುತ್ತದೆ ಎಂದು ಜಾಹೀರಾತಿನಲ್ಲಿ ಬರೆದಿಲ್ಲ, ಲೈಸೆನ್ಸ್ ಬೇಕೋ ಬೇಡವೋ ಹೇಳಿಲ್ಲ, ದೂರಸಂಪರ್ಕ ಇಲಾಖೆಯ ಇಟಿಎ, ಅಂದರೆ ಉಪಕರಣದ ಮಾದರಿಗೆ ಸಿಗುವ ಅನುಮೋದನೆ, ಇದೆಯೋ ಇಲ್ಲವೋ ತಿಳಿಸಿಲ್ಲ. ಹೀಗೆ ಮುಚ್ಚಿಟ್ಟು ಮಾರುವುದು ಗ್ರಾಹಕರ ದಾರಿ ತಪ್ಪಿಸಿದಂತೆ ಎಂಬುದು ಪ್ರಾಧಿಕಾರದ ನಿಲುವು.

ಇಲ್ಲೊಂದು ಸೂಕ್ಷ್ಮವಿದೆ. 2020ರ ಇ-ಕಾಮರ್ಸ್ ನಿಯಮಗಳು ವ್ಯಾಪಾರಿಗಳಿಗೆ ಅನ್ವಯಿಸುತ್ತವೆ. ವ್ಯಾಪಾರವೆಂದು ನಿಯಮಿತವಾಗಿ ಮಾಡದೆ, ಒಬ್ಬ ವ್ಯಕ್ತಿ ತನ್ನ ಸ್ವಂತ ಮಟ್ಟದಲ್ಲಿ ಮಾಡುವ ವ್ಯವಹಾರವನ್ನು ಆ ನಿಯಮಗಳೇ ಹೊರಗಿಟ್ಟಿವೆ. ಹಾಗಾಗಿ ಪೊನ್ನಂಪೇಟೆಯ ಒಬ್ಬರು ತಮ್ಮ ಬಳಿಯಿದ್ದ ಒಂದೇ ಒಂದು ಸೆಟ್ ಮಾರಿದರೆ ಆ ನಿಯಮಗಳ ಅರ್ಥದಲ್ಲಿ ಅವರು ವ್ಯಾಪಾರಿಯಾಗುವುದಿಲ್ಲ. ಇಷ್ಟು ಓದಿ ನಿಟ್ಟುಸಿರು ಬಿಟ್ಟವರು ಬಹಳ ಜನ. ಅವಸರಪಟ್ಟರು, ಏಕೆಂದರೆ ಎರಡನೇ ಕಾನೂನು ಇನ್ನೂ ಬಾಕಿ ಇದೆ.

ಕೇಳುವ ಪೆಟ್ಟಿಗೆ, ಮಾತಾಡುವ ಪೆಟ್ಟಿಗೆ

1933ರ ಇಂಡಿಯನ್ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆ ಹೇಳುವುದು ಇಷ್ಟು: ವೈರ್‌ಲೆಸ್ ಉಪಕರಣವನ್ನು ಲೈಸೆನ್ಸ್ ಇಲ್ಲದೆ ಯಾರೂ ಇಟ್ಟುಕೊಳ್ಳುವಂತಿಲ್ಲ. ಬಳಸುವುದು ಆಮೇಲಿನ ಮಾತು, ಇಟ್ಟುಕೊಳ್ಳುವುದೇ ತಪ್ಪು. ಅದರಲ್ಲೂ ಉಪಕರಣ ಅಲೆ ಹೊರಬಿಡುವ ಟ್ರಾನ್ಸ್‌ಮಿಟರ್ ಆಗಿದ್ದರೆ ಮೂರು ವರ್ಷದವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಕಾಲಕ್ಕೆ ಸಾವಿರ ರೂಪಾಯಿ ದೊಡ್ಡ ಮೊತ್ತವೇ. 2023ರ ದೂರಸಂಪರ್ಕ ಕಾಯಿದೆ ಈ ಲೆಕ್ಕವನ್ನು ಇಂದಿನ ರೂಪಾಯಿಗೆ ತಂದಿತು. ಅನುಮತಿ ಅಥವಾ ವಿನಾಯಿತಿ ಇಲ್ಲದೆ ರೇಡಿಯೊ ಉಪಕರಣ ಇಟ್ಟುಕೊಂಡರೆ ಮೊದಲ ಸಲಕ್ಕೆ 50,000 ರೂಪಾಯಿವರೆಗೆ, ಮತ್ತೆ ಸಿಕ್ಕಿಬಿದ್ದರೆ 2 ಲಕ್ಷದವರೆಗೆ ದಂಡ ಎಂದು ಅದು ಹೇಳುತ್ತದೆ. ಈ ಕಾಯಿದೆಯ ಕಲಮುಗಳು 2024ರ ಜೂನ್‌ನಿಂದ ಹಂತ ಹಂತವಾಗಿ ಜಾರಿಗೆ ಬರುತ್ತಿವೆ.

ಹಾಗಾದರೆ ಮಡಿಕೇರಿ ಆಕಾಶವಾಣಿಯ 103.1 ಹಿಡಿಯುವ ರೇಡಿಯೊ? ಅದಕ್ಕೂ ಒಂದು ಕಾಲದಲ್ಲಿ ಲೈಸೆನ್ಸ್ ಇತ್ತು. ಅಂಚೆ ಕಚೇರಿಗೆ ಹೋಗಿ ವರ್ಷ ವರ್ಷ ಶುಲ್ಕ ಕಟ್ಟಿ ಪುಸ್ತಕಕ್ಕೆ ಸೀಲು ಹೊಡೆಸಿಕೊಂಡು ಬರುತ್ತಿದ್ದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. 1980ರ ದಶಕದಲ್ಲಿ ಅದು ರದ್ದಾಯಿತು. ಬರೀ ಕೇಳುವ ಪೆಟ್ಟಿಗೆಯನ್ನು, ಅದು ಮರ್ಫಿಯಾಗಲಿ ಬುಷ್ ಆಗಲಿ, ಧಾರಾಳವಾಗಿ ಕೊಳ್ಳಬಹುದು, ಮಾರಬಹುದು. ಹಳೇ ಆಂಪ್ಲಿಫೈಯರ್, ಟೇಪ್ ರೆಕಾರ್ಡರ್, ಗ್ರಾಮಫೋನು, ಆಸಿಲೋಸ್ಕೋಪು, ಮಲ್ಟಿಮೀಟರು ಎಲ್ಲಕ್ಕೂ ಇದೇ ಮಾತು.

ತೊಡಕು ಇರುವುದು ಮಾತಾಡುವ ಪೆಟ್ಟಿಗೆಯಲ್ಲಿ. ಒಂದು ಬಟನ್ ಒತ್ತಿದರೆ ಗಾಳಿಗೆ ಅಲೆ ಬಿಡುವ ಯಾವುದೇ ಸಾಧನ ಈ ಕಾನೂನಿನೊಳಗೆ ಬರುತ್ತದೆ, ಹೊಸದಿರಲಿ ಹಳೆಯದಿರಲಿ. ಅಂಥವಕ್ಕೆ ಕೆಲವು ಕಿಟಕಿಗಳನ್ನು ಮಾತ್ರ ಸರ್ಕಾರ ತೆರೆದಿಟ್ಟಿದೆ. ಸಿಟಿಜನ್ ಬ್ಯಾಂಡ್ ಎಂದು ಕರೆಯುವ 27 ಮೆಗಾಹರ್ಟ್ಸ್ ಆಸುಪಾಸಿನದ್ದು 2005ರಿಂದ ಲೈಸೆನ್ಸ್‌ಮುಕ್ತ. 2018ರ ನಿಯಮದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಸಣ್ಣ ಪಟ್ಟಿಯನ್ನು ಕಡಿಮೆ ಶಕ್ತಿಯ ವಾಕಿಟಾಕಿಗಳಿಗೆಂದು ಬಿಟ್ಟುಕೊಟ್ಟಿದೆ. ವೈಫೈ, ಬ್ಲೂಟೂತ್‌ಗಳಿಗೆ ಬೇರೆ ವಿನಾಯಿತಿಗಳಿವೆ.

446ಕ್ಕೆ ತಿರುಗಿಸಿಟ್ಟರೆ ಸಾಕೇ?

ಆನ್‌ಲೈನಿನಲ್ಲಿ ಅತಿ ಹೆಚ್ಚು ಕೈ ಬದಲಾಗುವ ಸೆಟ್ ಎಂದರೆ ಬಾವ್‌ಫೆಂಗ್ ಯುವಿ-5ಆರ್ ಜಾತಿಯದು. ಚೀನಾದ್ದು, ಅಗ್ಗ, ಗಟ್ಟಿಮುಟ್ಟು. 136ರಿಂದ 174 ಮೆಗಾಹರ್ಟ್ಸ್ ಮತ್ತು 400ರಿಂದ ಮೇಲಕ್ಕೆ ಇನ್ನೊಂದು ಅಗಲವಾದ ಪಟ್ಟಿ, ಎರಡರಲ್ಲೂ ಅದು ಮಾತಾಡುತ್ತದೆ. ಶಕ್ತಿ ನಾಲ್ಕೈದು ವ್ಯಾಟ್. ಕೀಪ್ಯಾಡಿನಲ್ಲಿ ಯಾವ ಫ್ರೀಕ್ವೆನ್ಸಿ ಒತ್ತುತ್ತೀರೋ ಅಲ್ಲಿಗೆ ಹೋಗಿ ಕೂರುತ್ತದೆ. ಪೊಲೀಸ್, ಅರಣ್ಯ ಇಲಾಖೆಯಂಥ ಸರ್ಕಾರಿ ವೈರ್‌ಲೆಸ್ ಬಳಕೆಯೂ ಇದೇ ಅಗಲದಲ್ಲೇ ಹರಡಿದೆ.

ಇಲ್ಲಿ ತೋಟದವರ ವಾದವೊಂದು ಸಾಮಾನ್ಯ: "ನಾವು 446.100ಕ್ಕೆ ಸೆಟ್ ಮಾಡಿ ಇಟ್ಟಿದ್ದೇವೆ, ಬೇರೆ ಕಡೆ ಮುಟ್ಟುವುದೇ ಇಲ್ಲ, ಅದು ಫ್ರೀ ಬ್ಯಾಂಡ್ ತಾನೆ?" ಬ್ಯಾಂಡ್ ಫ್ರೀ ಹೌದು, ಈ ಸೆಟ್ ಅಲ್ಲ. ವಿನಾಯಿತಿ ಸಿಕ್ಕಿರುವುದು ಆ ಪಟ್ಟಿಯಲ್ಲಿ ನಿಗದಿತ ಕಡಿಮೆ ಶಕ್ತಿಯಲ್ಲಿ ಕೆಲಸ ಮಾಡುವ, ಆ ಮಾದರಿಗೆಂದೇ ಅನುಮೋದನೆ ಪಡೆದ ಉಪಕರಣಕ್ಕೆ. ಐದು ವ್ಯಾಟಿನ, ಎಲ್ಲೆಂದರಲ್ಲಿ ತಿರುಗಿಸಬಹುದಾದ ಸೆಟ್ ಅಲ್ಲಿ ಬಂದು ನಿಂತರೂ ಅದು ಲೈಸೆನ್ಸ್ ಬೇಕಾದ ಸೆಟ್ಟೇ. ಅಮೆರಿಕದಲ್ಲೂ ಇದೇ ಜಾತಿಯ ಸೆಟ್‌ಗಳ ಕುರಿತು 2018ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಮಾರಾಟಗಾರರಿಗೆ ಎಚ್ಚರಿಕೆ ಕೊಟ್ಟಿತ್ತು. ಹಾಗಾಗಿ ಇದನ್ನು ಬರೀ ನಮ್ಮ ಅಧಿಕಾರಿಗಳ ಕಿರಿಕಿರಿ ಎಂದು ತಳ್ಳಿಹಾಕಲು ಬರುವುದಿಲ್ಲ.

ಹ್ಯಾಮ್ ಲೈಸೆನ್ಸ್ ಇದ್ದವರಿಗೆ ದಾರಿ ಬೇರೆ. ಹನ್ನೆರಡು ವರ್ಷ ತುಂಬಿದ ಯಾರಾದರೂ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬಹುದು. 144ರಿಂದ 146 ಮೆಗಾಹರ್ಟ್ಸ್, 434ರಿಂದ 438 ಮೆಗಾಹರ್ಟ್ಸ್ ಮುಂತಾದ ಬ್ಯಾಂಡುಗಳು ಅವರಿಗೆ ತೆರೆದಿವೆ. ಆದರೆ ಇದು ಹವ್ಯಾಸದ ಲೈಸೆನ್ಸ್. ಕಾಸು ಸಂಪಾದಿಸುವ ಕೆಲಸಕ್ಕೆ ಬಳಸುವಂತಿಲ್ಲ. ಕಾರ್ಮಿಕರ ಲೈನ್ ಮನೆಯಿಂದ ಆಳು ಕಳಿಸು, ಟ್ರ್ಯಾಕ್ಟರ್ ತಿರುಗಿಸು ಎಂದು ತೋಟದ ಮೇಲ್ವಿಚಾರಕ ರೈಟರ್‌ಗೆ ಹೇಳಲು ಹ್ಯಾಮ್ ಲೈಸೆನ್ಸ್ ತೆಗೆದುಕೊಂಡರೆ ಅದೂ ಉಲ್ಲಂಘನೆಯೇ. ತೋಟಕ್ಕೆ ಬೇಕಾದರೆ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಸ್ವಂತ ಬಳಕೆಯ ಫ್ರೀಕ್ವೆನ್ಸಿ ಪಡೆದು, ಅದಕ್ಕೆ ರಾಯಲ್ಟಿ ಕಟ್ಟಬೇಕು.

ಕೋವಿಗೆ ಇರುವುದು ಸೆಟ್‌ಗೆ ಇಲ್ಲ

ಕೊಡಗಿನವರಿಗೆ ಇದನ್ನು ಅರ್ಥ ಮಾಡಿಸಲು ಕೋವಿಯ ಉದಾಹರಣೆಯಷ್ಟು ಸುಲಭದ್ದು ಬೇರೆ ಇಲ್ಲ. ಕೊಡವರು ಮತ್ತು ಜಮ್ಮಾ ಎಂಬ ಹಳೇ ಪದ್ಧತಿಯ ಭೂಮಿ ಹೊಂದಿದವರಿಗೆ ಕೋವಿ ಲೈಸೆನ್ಸ್‌ನಿಂದ ವಿನಾಯಿತಿ ಬ್ರಿಟಿಷರ ಕಾಲದಿಂದ ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಕೈಲ್‌ಪೋಳ್ದ್ ಹಬ್ಬದ ದಿನ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಯಲ್ಲೇ ಅಂಗೈ ಅಗಲದ ವಾಕಿಟಾಕಿಗೆ ಡೆಲ್ಲಿಯ ಅನುಮತಿ ಬೇಕು ಎಂದರೆ ಕೇಳುವವರಿಗೆ ನಗು ಬರುತ್ತದೆ.

ನಗುವಿನಲ್ಲಿ ನ್ಯಾಯವೂ ಇದೆ. ಆದರೆ ಎರಡರ ವ್ಯತ್ಯಾಸ ಗಮನಿಸಬೇಕು. ಕೋವಿಯ ವಿನಾಯಿತಿ ನಿಂತಿರುವುದು ಯಾರು ಎಂಬುದರ ಮೇಲೆ. ಕೋವಿಯನ್ನು ಇಂಥ ಮನೆಯವರು ಇಟ್ಟುಕೊಂಡಿದ್ದಾರೆ ಎಂದು ವಿನಾಯಿತಿ ಪತ್ರ ಹೇಳುತ್ತದೆ. ವಾಕಿಟಾಕಿಯ ವಿನಾಯಿತಿ ನಿಂತಿರುವುದು ಉಪಕರಣ ಎಂಥದ್ದು ಎಂಬುದರ ಮೇಲೆ. ಮಾಲೀಕರು ಎಷ್ಟೇ ಸಭ್ಯರಿರಲಿ, ಸೆಟ್ ಮಿತಿ ಮೀರಿದ್ದರೆ ವಿನಾಯಿತಿ ಇಲ್ಲ. ವಿನಾಯಿತಿ ಇಲ್ಲದ ಸೆಟ್‌ಗೆ ಮಾತ್ರ ಮತ್ತೆ 'ಯಾರು' ಎಂಬ ಪ್ರಶ್ನೆ ಬರುತ್ತದೆ: ಹ್ಯಾಮ್ ಆಗಿದ್ದೀರಾ, ಫ್ರೀಕ್ವೆನ್ಸಿ ಪಡೆದ ಸಂಸ್ಥೆಯೇ, ಮಾರಲು ಲೈಸೆನ್ಸ್ ಇರುವ ಡೀಲರೇ? ಹಾಗಾಗಿ ಹಳೇ ಸೆಟ್ ಕೊಳ್ಳುವಾಗ ಎರಡು ಕಾಗದ ನೋಡಬೇಕಾಗುತ್ತದೆ, ಸೆಟ್‌ನದ್ದೊಂದು, ಕೊಳ್ಳುವವರದ್ದೊಂದು. ಆನ್‌ಲೈನ್ ಹರಾಜಿನಲ್ಲಿ ಎರಡನ್ನೂ ಯಾರೂ ಕೇಳುವುದಿಲ್ಲ.

ಒಂದು ಜಾಹೀರಾತನ್ನು ಬಿಡಿಸಿ ನೋಡಿದರೆ

ಇಂಥ ಮಾರಾಟಗಳಲ್ಲಿ ಕಾಣುವ ಮಾದರಿ ಸಾಲುಗಳು ಹೀಗಿರುತ್ತವೆ: "ಎರಡು ಸೆಟ್, ಗುಡ್ ಕಂಡೀಶನ್, ರೇಂಜ್ 10 ಕಿ.ಮೀ., ಲೈಸೆನ್ಸ್ ಬೇಡ, ಚಾರ್ಜರ್ ಇದೆ, ಟೆಸ್ಟ್ ಮಾಡಿಲ್ಲ."

ಹತ್ತು ಕಿಲೋಮೀಟರ್ ರೇಂಜ್ ಎಂಬುದು ಬಯಲಿನ ಲೆಕ್ಕ, ಅದೂ ಎರಡೂ ಕಡೆ ಎತ್ತರದಲ್ಲಿ ನಿಂತು, ನಡುವೆ ಏನೂ ಅಡ್ಡ ಇಲ್ಲದಿದ್ದರೆ. ಈ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಹೋಗುತ್ತವೆ. ಭಾಗಮಂಡಲದ ಕಡೆಯ, ಗುಡ್ಡಗಳ ನಡುವಿನ ಒಂದು ಕೊಲ್ಲಿಯೊಳಗೆ ಇಳಿದರೆ ಗುಡ್ಡದ ಆಚೆಗಿನ ಮನೆಗೂ ಮಾತು ಮುಟ್ಟದು. ಸಿಲ್ವರ್ ಓಕ್ ನೆರಳಿನ ತೋಟದಲ್ಲಿ ಎಲೆಗಳೇ ಅಲೆಯನ್ನು ಹೀರುತ್ತವೆ, ಮಳೆಯಲ್ಲಿ ನೆನೆದ ಎಲೆ ಇನ್ನೂ ಹೆಚ್ಚು. 400 ಮೆಗಾಹರ್ಟ್ಸ್‌ನ ಮೇಲಿನ ಅಲೆಗೆ ಈ ಪೆಟ್ಟು 150ರ ಆಸುಪಾಸಿನದ್ದಕ್ಕಿಂತ ಜಾಸ್ತಿ. ಮುಂಗಾರಿನಲ್ಲಿ, ಬೇಕೇಬೇಕು ಎನ್ನುವ ಹೊತ್ತಿನಲ್ಲೇ, ರೇಂಜು ಕುಗ್ಗುತ್ತದೆ.

ಲೈಸೆನ್ಸಿನ ಮಾತು ಮುಚ್ಚಿಟ್ಟದ್ದಕ್ಕೇ ಕಂಪನಿಗಳಿಗೆ ಲಕ್ಷಗಟ್ಟಲೆ ದಂಡ ಬಿದ್ದಿದೆ, ಇಲ್ಲಿ "ಲೈಸೆನ್ಸ್ ಬೇಡ" ಎಂದೇ ಬರೆದಿದ್ದಾರೆ. ಸೆಟ್‌ನ ಹಿಂದೆ, ಬ್ಯಾಟರಿ ಬಿಚ್ಚಿದರೆ ಕಾಣುವ ಚೀಟಿಯ ಫೋಟೊ ಹಾಕಿಲ್ಲದಿದ್ದರೆ ಆ ಮಾತನ್ನು ನಂಬಲು ಆಧಾರವಿಲ್ಲ. ಮಾದರಿಯ ಹೆಸರು, ಫ್ರೀಕ್ವೆನ್ಸಿ ಇರುವುದು ಅಲ್ಲೇ. ಮಾದರಿಯ ಹೆಸರು ಗೊತ್ತಾದರೆ ಇಟಿಎ ಇದೆಯೇ ಎಂದು ಹುಡುಕಬಹುದು.

"ಟೆಸ್ಟ್ ಮಾಡಿಲ್ಲ" ಎಂಬುದಕ್ಕೆ ಹಳೇ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ ಬಹುಪಾಲು ಒಂದೇ ಅರ್ಥ: ಟೆಸ್ಟ್ ಮಾಡಿದ್ದಾರೆ, ಕೆಲಸ ಮಾಡಿಲ್ಲ. ಆರು ತಿಂಗಳು ಹಸಿ ಗಾಳಿಯಲ್ಲಿ ಕೂತ ಸೆಟ್‌ನ ಚಾರ್ಜಿಂಗ್ ಪಿನ್ನುಗಳಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ, ಸ್ಪೀಕರ್ ಜಾಲರಿಯಲ್ಲಿ ಬೂಷ್ಟು, ಲಿಥಿಯಂ ಬ್ಯಾಟರಿ ಊದಿಕೊಂಡಿರಬಹುದು. ಹಳೇ ವಾಲ್ವ್ ರೇಡಿಯೊ, ಆಂಪ್ಲಿಫೈಯರ್‌ಗಳಲ್ಲಿ ಕೆಪಾಸಿಟರ್‌ಗಳು ಒಣಗಿರುತ್ತವೆ. ಅವನ್ನು ಬದಲಿಸದೆ ನೇರ ಕರೆಂಟಿಗೆ ಹಾಕಿದರೆ ಟ್ರಾನ್ಸ್‌ಫಾರ್ಮರೂ ಹೋಗಬಹುದು.

ಹರಾಜು ಎಂಬ ಆಟ

ಔಟ್‌ಟರ್ನ್, ಅಂದರೆ ಒಣಗಿದ ಕಾಫಿ ಹಣ್ಣಿನಿಂದ ಎಷ್ಟು ಬೀಜ ಸಿಗುತ್ತದೆ ಎಂಬುದನ್ನು ನೋಡದೆ ಚೆರ್ರಿಗೆ, ಆ ಒಣ ಹಣ್ಣಿಗೆ, ಬೆಲೆ ಹೇಳುವ ವ್ಯಾಪಾರಿ ಕೊಡಗಿನಲ್ಲಿ ಇಲ್ಲ. ಟಿಂಬರ್ ಡಿಪೊದಲ್ಲಿ ಹರಾಜಿಗೆ ಮೊದಲು ದಿಮ್ಮಿಯ ಸುತ್ತ ಓಡಾಡಿ, ಪೊಳ್ಳು ಇದೆಯೇ ಎಂದು ತಟ್ಟಿ ನೋಡುತ್ತಾರೆ. ಬೀಟೆ ದಿಮ್ಮಿ ಸ್ವಂತ ತೋಟದ್ದೇ ಆದರೂ ಪಾಸ್ ಇಲ್ಲದೆ ಗೇಟು ದಾಟದು ಎಂಬುದು ಎಲ್ಲರಿಗೂ ಗೊತ್ತು. ಮುಟ್ಟಿ ನೋಡುವುದು, ಪಾಸು ಕೇಳುವುದು, ಈ ಎರಡೂ ಇಲ್ಲದ ಹರಾಜೇ ಆನ್‌ಲೈನ್ ಹರಾಜು.

ವಸ್ತುವಿನ ಸ್ಥಿತಿ ಯಾರಿಗೂ ಸರಿಯಾಗಿ ಗೊತ್ತಿಲ್ಲದಾಗ ಹತ್ತು ಜನ ಹತ್ತು ಅಂದಾಜು ಮಾಡುತ್ತಾರೆ. ಕೆಲವರು ಕಡಿಮೆ, ಕೆಲವರು ಹೆಚ್ಚು. ಹರಾಜು ಗೆಲ್ಲುವುದು ಅತಿ ಹೆಚ್ಚು ಅಂದಾಜು ಮಾಡಿದವರು, ಅಂದರೆ ಹತ್ತು ಜನರಲ್ಲಿ ಅತಿ ಹೆಚ್ಚು ತಪ್ಪಿರುವ ಸಾಧ್ಯತೆ ಇರುವವರು. ಕೊನೆಯ ಕೆಲವು ಸೆಕೆಂಡುಗಳ ಹುಚ್ಚಿನಲ್ಲಿ ಬೆಲೆ ಇನ್ನೂ ಏರುತ್ತದೆ. ಇನ್ನೊಂದು ಕಡೆ, ಒಳ್ಳೇ ಸೆಟ್ ಇಟ್ಟುಕೊಂಡವರು ಈ ಅನುಮಾನದ ಬೆಲೆಗೆ ಮಾರಲು ಮನಸ್ಸು ಮಾಡುವುದಿಲ್ಲ, ಪರಿಚಯದವರಿಗೆ ಕೊಟ್ಟುಬಿಡುತ್ತಾರೆ. ಪೇಟೆಯಲ್ಲಿ ಉಳಿಯುವುದರಲ್ಲಿ ಕೆಟ್ಟದ್ದರ ಪಾಲು ಹೆಚ್ಚುತ್ತಾ ಹೋಗುತ್ತದೆ. ಕಾಗದಪತ್ರದ ವಿಷಯದಲ್ಲೂ ಹೀಗೇ: ಲೈಸೆನ್ಸ್ ಇರುವ ಹ್ಯಾಮ್‌ಗಳು ತಮ್ಮೊಳಗೇ ಮಾರಿಕೊಳ್ಳುತ್ತಾರೆ, ಕಾಗದವಿಲ್ಲದ ಸೆಟ್‌ಗಳು ಬಹಿರಂಗ ಹರಾಜಿಗೆ ಬರುತ್ತವೆ.

ನಮ್ಮಲ್ಲಿ ಜನರಿಂದ ಜನರಿಗೆ ಹರಾಜು ನಡೆಸುವ ದೊಡ್ಡ ತಾಣ ಈಗ ಉಳಿದಿಲ್ಲ. ಬಾಜೀ ಎಂಬ ದೇಶೀ ತಾಣವನ್ನು 2004ರಲ್ಲಿ ಇಬೇ ಕೊಂಡಿತು. ಅದೇ ವರ್ಷದ ಕೊನೆಗೆ, ಬಳಕೆದಾರನೊಬ್ಬ ಅಲ್ಲಿ ಅಶ್ಲೀಲ ತುಣುಕನ್ನು ಮಾರಾಟಕ್ಕಿಟ್ಟಿದ್ದಕ್ಕೆ ತಾಣದ ಮುಖ್ಯಸ್ಥರನ್ನೇ ಬಂಧಿಸಿದ್ದು ದೊಡ್ಡ ಗದ್ದಲವಾಯಿತು. ಬಳಕೆದಾರರು ಹಾಕುವುದಕ್ಕೆ ವೇದಿಕೆ ಎಷ್ಟು ಹೊಣೆ ಎಂಬ ಚರ್ಚೆ ಬೆಳೆದು, 2008ರ ತಿದ್ದುಪಡಿಯಲ್ಲಿ ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೇ ಕಲಮು ವೇದಿಕೆಗಳಿಗೆ ಷರತ್ತಿನ ರಕ್ಷೆ ಕೊಟ್ಟಿತು. ಭಾರತದ ಇಬೇ ತಾಣ 2018ರ ಆಗಸ್ಟ್‌ನಲ್ಲಿ ಮುಚ್ಚಿತು. ಈಗ ನಡೆಯುವುದು ವಾಟ್ಸ್ಆ್ಯಪ್, ಟೆಲಿಗ್ರಾಂ ಗುಂಪುಗಳ ಹರಾಜು, ಇಲ್ಲವೇ ವಿದೇಶಿ ತಾಣಗಳಿಂದ ತರಿಸುವುದು. ವಿದೇಶದಿಂದ ತರಿಸಿದ ಸೆಟ್ ಕಸ್ಟಮ್ಸ್‌ನಲ್ಲಿ ಕಾಗದ ಕೇಳುತ್ತದೆ. ಸೆಕೆಂಡ್ ಹ್ಯಾಂಡ್ ಸರಕಿನ ಆಮದಿಗೆ ಬೇರೆಯೇ ನಿರ್ಬಂಧಗಳಿವೆ.

ಯಾರ ಮಾತು ಏನು

ಸರ್ಕಾರದ ಕಡೆಯ ವಾದ ಗಟ್ಟಿಯಾಗಿಯೇ ಇದೆ. ಅಗ್ಗದ ಸೆಟ್‌ವೊಂದರ ಬಟನ್ ಅಕಸ್ಮಾತ್ ಒತ್ತಿ ಹಿಡಿದರೆ ಆ ಫ್ರೀಕ್ವೆನ್ಸಿಯಲ್ಲಿರುವ ಬೇರೆಯವರ ಮಾತು ಮುಚ್ಚಿಹೋಗುತ್ತದೆ. ತೋಟಕ್ಕೆ ಇಳಿದ ಆನೆ ಹಿಂಡನ್ನು ಕಾಡಿಗಟ್ಟುವ ಸಿಬ್ಬಂದಿಯ ವೈರ್‌ಲೆಸ್‌ಗೆ ಹೀಗಾದರೆ ಪರಿಣಾಮ ಏನು ಎಂದು ಸಿದ್ದಾಪುರದ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ.

ವೇದಿಕೆಗಳು 79ನೇ ಕಲಮಿನ ರಕ್ಷೆಯನ್ನು ನೆಚ್ಚಿಕೊಂಡಿದ್ದವು. ನಾವು ಜಾಗ ಕೊಟ್ಟವರಷ್ಟೇ ಎಂಬ ಮಾತು, ಜಾಹೀರಾತಿನ ಪಕ್ಕದಲ್ಲೇ 'ಹೆಚ್ಚು ಮಾರಾಟವಾಗುವ ವಸ್ತು' ಎಂದು ಪಟ್ಟಿ ಅಂಟಿಸುವವರ ಬಾಯಲ್ಲಿ ಅಷ್ಟಾಗಿ ಒಪ್ಪುವುದಿಲ್ಲ.

ತೋಟದವರ ಮಾತಿನಲ್ಲೂ ಹುರುಳಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದಾಗ ಕರೆಂಟು, ಮೊಬೈಲು ಎರಡೂ ಕೈಕೊಟ್ಟದ್ದನ್ನು ಕೊಡಗು ಮರೆತಿಲ್ಲ. ಸಿಗ್ನಲ್ ಇಲ್ಲದ ತೋಟದಲ್ಲಿ, ಆನೆ ಎಲ್ಲಿದೆ ಎಂದು ಕುಯ್ಲಿನ ಆಳುಗಳಿಗೆ ತಿಳಿಸಲು ಬೇರೆ ಏನಿದೆ? ಫ್ರೀಕ್ವೆನ್ಸಿ ಪಡೆಯುವ ಸರ್ಕಾರಿ ದಾರಿಯನ್ನು ಮಾಡಿರುವುದು ದೊಡ್ಡ ಸಂಸ್ಥೆಗಳ ಅಳತೆಗೆ. ಹತ್ತು ಎಕರೆಯ ಬೆಳೆಗಾರರಿಗೆ ಅದು ಭಾರ. 446ರ ಅನುಮೋದಿತ ಸೆಟ್ ಅವರಿಗೆ ಸಾಲಬಹುದು, ಗುಡ್ಡ ಅಡ್ಡ ಬರದಿದ್ದರೆ.

ಹ್ಯಾಮ್‌ಗಳದ್ದು ಇನ್ನೊಂದು ಸಂಕಟ. 2004ರ ಸುನಾಮಿ ಬಂದಾಗ ಅಂಡಮಾನ್‌ನಲ್ಲಿ ಹವ್ಯಾಸದ ಪ್ರಸಾರಕ್ಕೆಂದು ಹೋಗಿದ್ದ ಭಾರತಿ ಪ್ರಸಾದ್ ಅವರ ತಂಡವೇ ಹೊರಜಗತ್ತಿಗೆ ಸುದ್ದಿ ಮುಟ್ಟಿಸುವ ಕೊಂಡಿಯಾಯಿತು. ಇಂಥ ಹವ್ಯಾಸ ಉಳಿಯುವುದು ಹಳೇ ಸೆಟ್‌ಗಳಿಂದ. ವಿದ್ಯಾರ್ಥಿಯೊಬ್ಬ ದೂರದೂರಕ್ಕೆ ಮುಟ್ಟುವ ಹೊಸ ಎಚ್‌ಎಫ್ ಸೆಟ್ ಕೊಳ್ಳಲಾರ. ಆದರೆ ವೇದಿಕೆಗಳ ಶೋಧ ವ್ಯವಸ್ಥೆಗೆ ಹ್ಯಾಮ್ ಯಾರು, ಅಲ್ಲದವರು ಯಾರು ಗೊತ್ತಾಗುವುದಿಲ್ಲ. 'ರೇಡಿಯೊ' ಎಂದು ಕಂಡದ್ದನ್ನೆಲ್ಲ ಅಳಿಸಿಹಾಕಿ ಕೈತೊಳೆದುಕೊಳ್ಳುವುದು ಅವಕ್ಕೆ ಸುಲಭ.

ಮುಂದೆ ಏನಾಗಬಹುದು

ಮೊದಲ ಪರಿಣಾಮ, ವ್ಯಾಪಾರ ನಿಲ್ಲುವುದಿಲ್ಲ, ಜಾಗ ಬದಲಿಸುತ್ತದೆ. ದೊಡ್ಡ ವೇದಿಕೆಯಲ್ಲಿ ಮಾರಿದರೆ ಕನಿಷ್ಠ ಯಾರು ಮಾರಿದರು ಎಂಬ ದಾಖಲೆ ಉಳಿಯುತ್ತಿತ್ತು. ವಾಟ್ಸ್ಆ್ಯಪ್ ಗುಂಪಿನಲ್ಲಿ ಅದೂ ಇಲ್ಲ. ಕಾಗದವಿಲ್ಲದ ಸೆಟ್‌ಗಳ ಬೆಲೆ ಬೀಳುತ್ತದೆ, ಬೆಲೆ ಬಿದ್ದದ್ದನ್ನು ಕಂಡು ಇನ್ನಷ್ಟು ಜನ ಕೊಳ್ಳುತ್ತಾರೆ.

ಇದಕ್ಕೆ ಮದ್ದು ಕಷ್ಟದ್ದೇನಲ್ಲ. ಡ್ರೋನ್ ಮಾರುವಾಗ ಡಿಜಿಟಲ್ ಸ್ಕೈ ತಾಣದಲ್ಲಿ ಹೆಸರು ಬದಲಾಯಿಸುವ ವ್ಯವಸ್ಥೆಯನ್ನು 2021ರ ಡ್ರೋನ್ ನಿಯಮಗಳಲ್ಲೇ ಇಟ್ಟಿದ್ದಾರೆ. ಸ್ಕೂಟರಿಗೆ ಆರ್‌ಸಿ ಇದೆ. ಹಳೇ ವೈರ್‌ಲೆಸ್ ಸೆಟ್‌ಗೂ ಅಂಥದ್ದೇ ಒಂದು ಪುಟದ ಆನ್‌ಲೈನ್ ಅರ್ಜಿ, ಮಾರುವವರ ಲೈಸೆನ್ಸ್, ಕೊಳ್ಳುವವರ ಲೈಸೆನ್ಸ್, ಸೆಟ್‌ನ ಸೀರಿಯಲ್ ನಂಬರ್, ಇಷ್ಟಿದ್ದರೆ ಹ್ಯಾಮ್‌ಗಳ ಅರ್ಧ ತೊಂದರೆ ಮುಗಿಯುತ್ತದೆ. ದಂಡಕ್ಕೆ ತೋರಿದ ಉತ್ಸಾಹ ಇದಕ್ಕೂ ತೋರಬೇಕಿತ್ತು.

ಅಲ್ಲಿಯವರೆಗೆ ಡ್ರಾಯರಿನ ಸೆಟ್‌ಗಳ ಸ್ಥಿತಿ ವಿಚಿತ್ರ. ಬ್ಯಾಟರಿ ಕಳಚಿಟ್ಟರೂ ಅದು ಇಟ್ಟುಕೊಂಡ ಲೆಕ್ಕಕ್ಕೇ ಬರುತ್ತದೆ. ಲೈಸೆನ್ಸ್ ಇಲ್ಲದವರಿಗೆ ಮಾರಿದರೆ ತಾಪತ್ರಯ ಅವರ ಮನೆಗೆ ಹೋಗುತ್ತದೆ, ಹಣ ಕೊಟ್ಟದ್ದರ ಗುರುತು ಮಾತ್ರ ಮಾರಿದವರ ಖಾತೆಯಲ್ಲೇ ಉಳಿಯುತ್ತದೆ. ಸೆಟ್ ಹ್ಯಾಮ್ ಬ್ಯಾಂಡಿನದಾಗಿದ್ದರೆ, ಲೈಸೆನ್ಸ್ ಇರುವ ಹ್ಯಾಮ್ ಒಬ್ಬರನ್ನು ಹುಡುಕಿ, ಅವರ ಕಾಲ್‌ಸೈನ್ (ಲೈಸೆನ್ಸಿನ ಜೊತೆ ಸಿಗುವ ಗುರುತಿನ ಸಂಕೇತ) ಮತ್ತು ಸೆಟ್‌ನ ಸೀರಿಯಲ್ ನಂಬರ್ ಬರೆದ ಚೀಟಿಗೆ ಸಹಿ ಪಡೆದು ಕೊಡುವುದು ಸದ್ಯಕ್ಕೆ ಇದ್ದುದರಲ್ಲಿ ಮೇಲಾದ ದಾರಿ. ಕೊಡುವ ಮುಂಚೆ ಮೆಮೊರಿ ಅಳಿಸಬೇಕು. ಹಳೇ ಸೆಟ್ ಆನ್ ಮಾಡಿ ಚಾನೆಲ್ ಗುಂಡಿ ತಿರುಗಿಸಿದರೆ ಹಿಂದಿನ ಮಾಲೀಕರು ತುಂಬಿಸಿಟ್ಟ ಫ್ರೀಕ್ವೆನ್ಸಿಗಳೆಲ್ಲ ಒಂದೊಂದಾಗಿ ಬರುತ್ತವೆ, ಒಂದನೆಯದು ಅವರ ತೋಟದ್ದು, ಎರಡನೆಯದು ಪಕ್ಕದ ತೋಟದ್ದು, ಮೂರನೆಯದು ಯಾರದ್ದೋ.